ಮೊದಲು ಕಾಲು ನೋಡುತ್ತಿದ್ದವರು

ಯಾರ ಮನೆಗೆ ಹೋದರೂ ಅವರು ಮೊದಲು ಬಗ್ಗಿ ಊಟದ ಮೇಜಿನ ಅಡಿ ನೋಡುತ್ತಿದ್ದರು. ಏನೋ ಬಿದ್ದಿರಬೇಕು ಎಂದುಕೊಂಡು ಮನೆಯವರೂ ಜೊತೆಗೆ ಬಗ್ಗುತ್ತಿದ್ದರು. ಬಿದ್ದದ್ದು ಏನೂ ಇರುತ್ತಿರಲಿಲ್ಲ. ಊಟಕ್ಕೆ ಕೂತವರಲ್ಲಿ ಚಿಕ್ಕ ಮಗುವೊಂದಿದ್ದರೆ ಅದರ ಕಾಲು ಎಲ್ಲಿದೆ ಎಂದು ನೋಡುವುದು ಅವರ ಅಭ್ಯಾಸ. ಕಾಲು ಯಾವುದಾದರೊಂದರ ಮೇಲೆ ಊರಿಕೊಂಡಿದ್ದರೆ ನೆಟ್ಟಗೆ ನಿಂತು ಮಗುವಿನ ಹೆಸರು ಕೇಳುತ್ತಿದ್ದರು. ತೂಗಾಡುತ್ತಿದ್ದರೆ ಹೆಸರು ಕೇಳುವ ಮೊದಲೇ ಆ ಮನೆಯಲ್ಲಿ ಕೈಗೆ ಸಿಕ್ಕಿದ ಬಿಸ್ಕೆಟ್ ಡಬ್ಬಿಯನ್ನೋ ಹಳೇ ಪುಸ್ತಕದ ಕಟ್ಟನ್ನೋ ತಂದು ಕಾಲಿನ ಕೆಳಗೆ ಇಡುತ್ತಿದ್ದರು. ಒಮ್ಮೆ ಮದುವೆಯ ಹಾಲ್ ಒಂದರಲ್ಲಿ ಯಾರದೋ ಉಡುಗೊರೆಯ ಪೆಟ್ಟಿಗೆಯನ್ನೇ ಎಳೆದು ತಂದಿದ್ದರು. ಅದರೊಳಗೆ ಗಾಜಿನ ಸಾಮಾನು ಇತ್ತು ಎಂದು ನಂತರ ತಿಳಿಯಿತು. ಪುಣ್ಯಕ್ಕೆ ಮಗು ಹಗುರ ಇತ್ತು.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಕಲ್ಯಾಣಪುರದ ಅವರ ಮನೆಯಂಗಳದಲ್ಲಿ ಆ ದಿನ ಸೇರಿದವರೆಲ್ಲ ಎಷ್ಟು ಮೃದು ಸ್ವಭಾವ, ಒಬ್ಬರಿಗೂ ಒಂದು ಗಟ್ಟಿ ಮಾತು ಹೇಳಿದವರಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು, ಸರಿ. ಹಾಗೆಂದು ಹಸಿ ಸುಳ್ಳು ಹೇಳಬೇಕೆ? ಹದಿನಾಲ್ಕು ವರ್ಷ ಅವರ ಪಕ್ಕದ ಕೋಣೆಯಲ್ಲಿ ಕೆಲಸ ಮಾಡಿದವನು ನಾನು. ಮೃದುವಾಗಿದ್ದದ್ದು ಅವರ ಕೈ ಮಾತ್ರ. ನಾಲಿಗೆ ಗಾಂಧಾರಿ ಮೆಣಸು. ಅದರ ಉರಿ ತಿಂದವರಲ್ಲಿ ಮೊದಲನೆಯವನು ನಾನೇ ಆದ್ದರಿಂದ ಈ ಮಾತು ಹೇಳುವ ಹಕ್ಕು ನನಗಿದೆ.

ಬನ್ನಂಜೆಯಲ್ಲಿ ಒಂದು ಹಳೇ ಮಾಳಿಗೆ ಮನೆಯನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಮಕ್ಕಳ ಚಿಕಿತ್ಸಾ ಕೇಂದ್ರ ನಮ್ಮದು. ನಡೆಯುವುದು ತಡವಾದ ಮಕ್ಕಳು, ಮಾತು ತಡವಾದ ಮಕ್ಕಳು ಬರುತ್ತಿದ್ದರು. ಇನ್ನು ಕೆಲವು ಮಕ್ಕಳು ಬರುತ್ತಿದ್ದುದು ತಿನ್ನಲು ಬಾರದ ಕಾರಣಕ್ಕೆ. ಮೂರು ವರ್ಷವಾದರೂ ಅಗಿಯುವುದಿಲ್ಲ, ಬಾಯಿಗೆ ಹಾಕಿದ್ದು ಹಾಗೇ ಉಳಿಯುತ್ತದೆ, ಇಲ್ಲವೇ ಗಂಟಲಿಗೆ ಸಿಕ್ಕಿ ಕೆಮ್ಮುತ್ತವೆ. ಅಂಥ ಮಕ್ಕಳಿಗೆ ಊಟ ಕಲಿಸುವುದು ಅವರ ಕೆಲಸ. ಎಲ್ಲರೂ ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಸೇರಿದ ಹೊಸದರಲ್ಲಿ ನಾನು, ಅಗಿಯುವುದನ್ನೂ ಕಲಿಸಬೇಕಾ ಟೀಚರ್, ಅದು ತನ್ನಷ್ಟಕ್ಕೆ ಬರುವುದಿಲ್ಲವಾ ಎಂದು ಕೇಳಿದ್ದೆ. ನಿಮಗೂ ಯಾರೋ ಕಲಿಸಿದ್ದಾರೆ, ನಿಮಗೆ ನೆನಪಿಲ್ಲ, ಅವರಿಗೆ ನೀವು ಥ್ಯಾಂಕ್ಸ್ ಹೇಳಿಲ್ಲ, ಅಷ್ಟೇ ಎಂದರು. ಮೊದಲ ದಿನದ ಮೊದಲ ಮಾತು ಅದು.

ನಾನು ಡಿಪ್ಲೊಮಾ ಮಾಡಿ ಟಿ.ವಿ. ರಿಪೇರಿ ಮಾಡುತ್ತಿದ್ದವನು. ಟಿ.ವಿ.ಗಳು ಗೋಡೆಗೆ ಅಂಟಿಕೊಂಡು ತೆಳ್ಳಗಾದ ಮೇಲೆ ರಿಪೇರಿಗೆ ಬರುವವರು ಕಡಿಮೆಯಾದರು. ಕೇಂದ್ರಕ್ಕೆ ಸೇರಿದ್ದು ವಿದ್ಯುತ್ ಉಪಕರಣಗಳನ್ನು ನೋಡಿಕೊಳ್ಳಲು. ಕೆಲವು ವರ್ಷಗಳ ನಂತರ ಅಲ್ಲಿಗೊಂದು ಯಂತ್ರ ಬಂತು, ಅದನ್ನು ನಡೆಸಲು ನನಗೆ ತರಬೇತಿಯೂ ಸಿಕ್ಕಿತು. ನೀವು ಹಲ್ಲು ಕಚ್ಚಿ ಕೆನ್ನೆ ಮುಟ್ಟಿಕೊಂಡರೆ ಕಿವಿಯ ಕೆಳಗೆ ಗಟ್ಟಿಯಾಗಿ ಉಬ್ಬುತ್ತದಲ್ಲ, ಅದು ದವಡೆಯ ಸ್ನಾಯು. ಅದರ ಮೇಲೆ ಬಿಂದಿಗಿಂತ ಸ್ವಲ್ಪ ದೊಡ್ಡದಾದ ಸ್ಟಿಕ್ಕರ್ ಅಂಟಿಸಿ, ವೈರು ಸಿಕ್ಕಿಸಿದರೆ, ಮಗು ಒಂದೊಂದು ಸಲ ಕಚ್ಚುವಾಗಲೂ ಪರದೆಯ ಮೇಲಿನ ಗೆರೆ ಜಿಗಿಯುತ್ತದೆ. ಸ್ಪೀಕರ್ ಹಾಕಿದರೆ ಒಗ್ಗರಣೆ ಸಿಡಿದ ಹಾಗೆ ಚರಪರ ಎಂದು ಕೇಳಿಸುತ್ತದೆ. ಸ್ನಾಯು ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆದು ಬರೆಯುವುದು ನನ್ನ ಕೆಲಸ. ಸ್ಟಿಕ್ಕರ್ ಅಂಟಿಸಿಕೊಳ್ಳಲು ಮಕ್ಕಳನ್ನು ಒಲಿಸುವುದು ಅದಕ್ಕಿಂತ ದೊಡ್ಡ ಕೆಲಸ.

ಟೀಚರಿಗೆ ಆ ಯಂತ್ರ ಕಂಡರೆ ಆಗುತ್ತಿರಲಿಲ್ಲ. ನನ್ನ ಕೈಗೆ ಗೊತ್ತಾಗುವುದನ್ನು ಇದು ಹತ್ತು ಲಕ್ಷದಲ್ಲಿ ಹೇಳುತ್ತದೆ ಎನ್ನುತ್ತಿದ್ದರು. ಮಗುವಿನ ಕೆನ್ನೆಯ ಮೇಲೆ ಎರಡು ಬೆರಳು ಇಟ್ಟು, ಕಣ್ಣು ಮುಚ್ಚಿ, ಅಜ್ಜಿಯರು ಹಲಸಿನಕಾಯಿ ತಟ್ಟಿ ನೋಡುವ ಹಾಗೆ ನೋಡುತ್ತಿದ್ದರು. ನಾನು ಬಿಡುತ್ತೇನಾ? ನಿಮ್ಮ ಬೆರಳು ಪ್ರಿಂಟ್ ಕೊಡುತ್ತದಾ ಟೀಚರ್ ಎಂದು ಕೇಳುತ್ತಿದ್ದೆ. ಕೊನೆಗೆ ನಿಮ್ಮ ಪೆಟ್ಟಿಗೆ ಕೋಣೆಗೆ ನಾನು ಕಾಲಿಡುವುದಿಲ್ಲ ಎಂದುಬಿಟ್ಟರು. ನಿಜವಾಗಿಯೂ ಇಡಲಿಲ್ಲ. ಮಗುವನ್ನು ಬಾಗಿಲವರೆಗೆ ತಂದು ಬಿಟ್ಟು ತಿರುಗಿ ಹೋಗುತ್ತಿದ್ದರು. ಇಬ್ಬರ ಜಂಬಕ್ಕೂ ಆ ಬಾಗಿಲು ಬೇಲಿಯಾಗಿತ್ತು.

ಮಧ್ಯಾಹ್ನದ ಊಟಕ್ಕೆ ಮಾತ್ರ ಜೊತೆಗೆ ಕೂರುತ್ತಿದ್ದೆವು. ಅವರ ಡಬ್ಬಿಯಲ್ಲಿ ಕುಚ್ಚಲಕ್ಕಿ ಅನ್ನ, ಒಂದು ಪಲ್ಯ, ಒಂದು ಉಪ್ಪಿನಕಾಯಿ. ಅವರು ಒಂದೊಂದು ತುತ್ತನ್ನೂ ಅಗಿಯುವುದನ್ನು ನೋಡಿದರೆ ಹಸಿವೆಯೇ ಹೋಗಬೇಕು, ಅಷ್ಟು ನಿಧಾನ. ಕಾಲು ತೂಗಾಡಿದರೆ ಏನಾಗುತ್ತದೆ ಎಂದು ಒಂದು ದಿನ ನಾನು ಕೆಣಕಿದೆ. ಅವರು ಬಾಯಿ ಒರೆಸಿಕೊಂಡು, ನನ್ನನ್ನು ಎತ್ತರದ ಮೇಜಿನ ಮೇಲೆ ಹತ್ತಿ ಕೂರಿಸಿದರು. ಕಾಲು ಇಳಿಬಿಡಿ, ಬೆನ್ನು ಹಿಂದೆ ವಾಲಿಸಿ, ಗಲ್ಲ ಮೇಲೆ ಮಾಡಿ, ಈಗ ಈ ಚಕ್ಕುಲಿ ತಿನ್ನಿ ಎಂದರು. ಚಕ್ಕುಲಿ ಕಚ್ಚಿದೆ. ಅಗಿಯಲು ಹೋದರೆ ಬೀಳುತ್ತೇನೋ ಎಂಬ ಭಯಕ್ಕೆ ಹೊಟ್ಟೆ ಬಿಗಿಯಿತು, ಕುತ್ತಿಗೆ ಬಿಗಿಯಿತು, ದವಡೆ ಎಲ್ಲಿಗೋ ಹೋಯಿತು. ನುಂಗಲು ಹೋಗಿ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಅವರು ನಿಧಾನವಾಗಿ ನೀರು ಕೊಟ್ಟು ಹೇಳಿದರು:

"ನಲವತ್ತು ವರ್ಷದ ಗಂಡಸು ನೀವು. ಮೈ ಸಡಿಲ ಇರುವ ಮಗುವಿಗೆ ಹೇಗಾಗಬೇಡ ಹೇಳಿ. ಬೀಳದೆ ಇರುವುದರಲ್ಲೇ ಅದರ ಶಕ್ತಿ ಎಲ್ಲ ಮುಗಿಯುತ್ತದೆ ಮಾರಾಯ್ರೆ. ಅಗಿಯಲಿಕ್ಕೆ ಮತ್ತೆ ಎಂತ ಉಳಿಯುತ್ತದೆ? ಕಾಲು ಊರದೆ ಹಲ್ಲು ಕಚ್ಚುವುದಿಲ್ಲ."

ಈ ಕೊನೆಯ ಮಾತನ್ನು ಅವರು ಅಪ್ಪ ಅಮ್ಮಂದಿರಿಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಊಟದ ಹೊತ್ತಿಗೆ ಮಗುವಿನ ಮುಂದೆ ಮೊಬೈಲ್ ಹಿಡಿಯುವ ಅಪ್ಪಂದಿರಿಗೆ ಬೇರೆಯೇ ಮಂತ್ರ ಇತ್ತು, ಅದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಅಜ್ಜಿಯರ ವಿಷಯದಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯರು. ನಮ್ಮ ಕಡೆ ಅಜ್ಜಿಯರು ನೆಲದ ಮೇಲೆ ಎರಡೂ ಕಾಲು ಚಾಚಿ ಕೂತು, ಮಗುವನ್ನು ಕಾಲಿನ ಮೇಲೆ ಅಂಗಾತ ಮಲಗಿಸಿ ಮೀಯಿಸುತ್ತಾರೆ, ಹಾಗೇ ಮಲಗಿಸಿ ರಾಗಿ ಮಣ್ಣಿ, ಗಂಜಿ ಹಾಕುತ್ತಾರೆ. ಮೂರು ವರ್ಷದ ಮಗುವಿಗೆ ಹಾಗೆ ಗಂಜಿ ಹುಯ್ಯುತ್ತಿದ್ದ ಶಿರ್ವದ ಒಬ್ಬ ಅಜ್ಜಿಗೆ ನಾನು ದೊಡ್ಡ ತಿಳಿದವನ ಹಾಗೆ, ಅಮ್ಮಾ ಇದು ತಪ್ಪು ಎಂದಿದ್ದೆ. ಇವನ ಅಪ್ಪನನ್ನು ಸಾಕಿದ್ದು ಹೀಗೇ, ಅವನು ಈಗ ದುಬೈಯಲ್ಲಿ ಕ್ರೇನ್ ಓಡಿಸುತ್ತಾನೆ, ನೀವು ಎಂತ ಓಡಿಸುತ್ತೀರಿ ಎಂದು ಆ ಅಜ್ಜಿ ಕೇಳಿದರು. ನಾನು ಓಡಿಸುತ್ತಿದ್ದುದು ಒಂದು ಹಳೇ ಸ್ಕೂಟರು. ಟೀಚರ್ ಒಳಗಿನಿಂದ ನಕ್ಕದ್ದು ಕೇಳಿಸಿತು. ಆಮೇಲೆ ಬಂದು ಅಜ್ಜಿಯ ಪಕ್ಕ ನೆಲದಲ್ಲೇ ಕೂತು, ನಿಮ್ಮ ಕಾಲು ತಪ್ಪಲ್ಲ ಅಮ್ಮ, ಮಗು ದೊಡ್ಡವನಾದ, ಅಷ್ಟೇ ಎಂದರು. ಅಜ್ಜಿಗೆ ಆ ಮಾತು ಹಿತವಾಯಿತು. ಕಾಲು ಮಡಚಿಕೊಂಡರು.

ಈಗ ಕುರ್ಚಿಯ ಕಥೆ ಹೇಳಬೇಕು. ಅದನ್ನು ಬಿಟ್ಟರೆ ಈ ಬರಹವೂ ಅಂಗಳದಲ್ಲಿ ಕೇಳಿದ ಹಸಿ ಸುಳ್ಳಿನ ಜೊತೆ ಸೇರುತ್ತದೆ.

ಉಡುಪಿಯಲ್ಲಿ ಒಬ್ಬ ದಂತವೈದ್ಯರು ಕ್ಲಿನಿಕ್ ಮುಚ್ಚಿದಾಗ ಅವರ ಕುರ್ಚಿಯನ್ನು ನಾನು ನಮ್ಮ ಕೇಂದ್ರಕ್ಕೆ ತಂದೆ. ಕೆಟ್ಟಿದ್ದ ಮೋಟಾರನ್ನು ನಾನೇ ರಿಪೇರಿ ಮಾಡಿದೆ. ಗುಂಡಿ ಒತ್ತಿದರೆ ಏರುತ್ತಿತ್ತು, ಇಳಿಯುತ್ತಿತ್ತು, ಹಿಂದಕ್ಕೆ ವಾಲುತ್ತಿತ್ತು. ಮಕ್ಕಳು ಅದರಲ್ಲಿ ಕೂತು ಖುಷಿಪಡುತ್ತಿದ್ದರು, ಅಲ್ಲಾಡದೆ ಇರುತ್ತಿದ್ದರು, ಸ್ಟಿಕ್ಕರ್ ಅಂಟಿಸಲು ನನಗೂ ಸುಲಭ. ದವಡೆಯ ಪರೀಕ್ಷೆಗೆ ದಂತವೈದ್ಯರ ಕುರ್ಚಿಗಿಂತ ಒಳ್ಳೆಯದು ಯಾವುದು ಎಂದು ನನಗೆ ನಾನೇ ಭೇಷ್ ಹೇಳಿಕೊಂಡಿದ್ದೆ. ಎರಡು ವರ್ಷ ಎಲ್ಲ ಮಕ್ಕಳನ್ನೂ ಅದರಲ್ಲೇ ಒರಗಿಸಿ ಅಳೆದೆ. ಚಕ್ಕುಲಿ ತಿಂದು ಕೆಮ್ಮಿದ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆ ಪಾಠ ಊಟದ ಕೋಣೆಯದ್ದು, ಯಂತ್ರದ ಕೋಣೆಯಲ್ಲಿ ನಾನೇ ಪಂಡಿತ.

ಆರು ವರ್ಷದ ಹಿಂದಿನ ಮಾತು. ಕಾಪುವಿನಿಂದ ಮೂರು ವರ್ಷದ ಒಂದು ಹೆಣ್ಣು ಮಗು ಬಂತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಮೈ ಸಡಿಲ. ಅಜ್ಜಿ ಮೀನು ಮಾರುವವರು, ಅಮ್ಮ ಮಗುವಿನ ಹಿಂದೆಯೇ ಇರುವವಳು. ಮಗುವಿನ ತೂಕ ಇಳಿಯುತ್ತಾ ಬಂದಿತ್ತು. ಹೀಗೇ ಆದರೆ ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಹಾಕಿ ಅದರಿಂದಲೇ ಆಹಾರ ಕೊಡಬೇಕಾಗುತ್ತದೆ ಎಂದು ಮಣಿಪಾಲದ ಮಕ್ಕಳ ವೈದ್ಯರು ಹೇಳಿದ್ದರು. ತೀರ್ಮಾನಕ್ಕೆ ಮೊದಲು ದವಡೆಯ ಪರೀಕ್ಷೆಯ ಕಾಗದವನ್ನೂ ಕೇಳಿದ್ದರು. ಅಂಥ ಟ್ಯೂಬಿನಿಂದ ಬದುಕಿದ ಮಕ್ಕಳು ಎಷ್ಟೋ ಇದ್ದಾರೆ, ಅದು ಬೇಕಾದವರಿಗೆ ಬೇಕೇ ಬೇಕು. ಆದರೆ ಬೇಡದ ಮಗುವಿಗೆ ಹಾಕಿದರೆ ಬಾಯಿಯ ದಾರಿ ಮರೆತೇ ಹೋಗುತ್ತದೆ ಎಂದು ಟೀಚರ್ ಹೇಳುತ್ತಿದ್ದರು.

ಆ ದಿನ ಟೀಚರ್ ರಜೆಯಲ್ಲಿದ್ದರು. ನಾನು ಮಗುವನ್ನು ಕುರ್ಚಿಯಲ್ಲಿ ಒರಗಿಸಿದೆ, ಸ್ಟಿಕ್ಕರ್ ಅಂಟಿಸಿದೆ. ಅಮ್ಮ ಬಾಯಿಗೆ ಬಾಳೆಹಣ್ಣು ಇಟ್ಟಳು. ಗೆರೆ ಅಲ್ಲಾಡಲಿಲ್ಲ. ಮೂರು ಸಲ ನೋಡಿದೆ, ಪರದೆಯ ಮೇಲೆ ಗೆರೆ ಸಪಾಟು. ದವಡೆಯ ಸ್ನಾಯುಗಳ ಚಟುವಟಿಕೆ ತೀರಾ ಕಡಿಮೆ ಎಂದು ಬರೆದು ಸಹಿ ಹಾಕಿಟ್ಟೆ. ಅಜ್ಜಿ ಬಾಗಿಲ ಬಳಿ ನಿಂತು, ಇದರ ಅರ್ಥ ಟ್ಯೂಬ್ ಹಾಕುವುದಾ ಎಂದು ಕೇಳಿದರು. ವೈದ್ಯರು ಹೇಳುತ್ತಾರೆ ಎಂದೆ. ಅಜ್ಜಿ ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದರು.

ಮರುದಿನ ಟೀಚರ್ ಆ ಕಾಗದ ಓದಿದರು. ಎರಡು ಸಲ ಓದಿದರು. ಬೈಯುತ್ತಾರೆ ಎಂದು ನಾನು ಸಿದ್ಧನಾಗಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ:

"ಅವಳ ಕಾಲು ಎಲ್ಲಿತ್ತು?"

ನನಗೆ ಗೊತ್ತಿರಲಿಲ್ಲ. ನಾನು ನೋಡಿದ್ದು ಪರದೆಯನ್ನು. ಟೀಚರ್ ಎದ್ದು ನಡೆದು, ಎರಡು ವರ್ಷದಲ್ಲಿ ಮೊದಲ ಸಲ ನನ್ನ ಕೋಣೆಯ ಬಾಗಿಲು ದಾಟಿದರು. ಕುರ್ಚಿಯ ಮುಂದೆ ನಿಂತರು. ಹಿಂದಕ್ಕೆ ವಾಲಿದ ಬೆನ್ನು, ದೊಡ್ಡವರ ಮೊಣಕಾಲಿಗೆ ಹೊಂದಿದ ಅಂಚು, ಅದರ ಕೆಳಗೆ ಏನೂ ಇಲ್ಲ. ಅವರು ಬೈಯಲೇ ಇಲ್ಲ. ಕಾಪುವಿನವರಿಗೆ ಫೋನ್ ಮಾಡಿ, ನಾಳೆಯೇ ಬರಲಿಕ್ಕೆ ಹೇಳಿ ಎಂದರು.

ಮರುದಿನ ಅವರು ಕುರ್ಚಿಯನ್ನು ಮೂಲೆಗೆ ತಳ್ಳಿಸಿದರು. ಅಜ್ಜಿಯನ್ನು ನೆಲದ ಮೇಲೆ ಗೋಡೆಗೆ ಒರಗಿ ಕೂರಿಸಿದರು. ಕಾಲು ಚಾಚಬೇಡಿ ಅಮ್ಮ, ಎರಡೂ ಮೊಣಕಾಲು ಮೇಲೆ ಮಾಡಿ ಎಂದರು. ಅವುಗಳ ನಡುವೆ ಒಂದು ಮಣೆ ಇಟ್ಟು ಅದರ ಮೇಲೆ ಮಗುವನ್ನು ಕೂರಿಸಿದರು. ಮಗುವಿನ ಸೊಂಟ ಅಜ್ಜಿಯ ಹೊಟ್ಟೆಗೆ ಅಂಟಿಕೊಂಡಿತು. ಅಜ್ಜಿಯ ತೊಡೆಗಳು ಎರಡು ಬದಿಯಿಂದ ತಡೆದು ಹಿಡಿದವು. ಮಗುವಿನ ಎರಡೂ ಪಾದ ನೆಲದ ಮೇಲೆ ಸಪಾಟಾಗಿ ಊರಿಕೊಂಡವು. ಆ ತನಕ ಹಿಂದಕ್ಕೆ ಜೋಲುತ್ತಿದ್ದ ತಲೆ ತಾನಾಗಿ ಮುಂದೆ ಬಂತು. ಅಜ್ಜಿಯೇ ಕುರ್ಚಿಯಾದರು.

ನಂತರ ಟೀಚರ್, ಇವಳು ಯಾವುದರ ವಾಸನೆ ಬಂದರೆ ತಿರುಗಿ ನೋಡುತ್ತಾಳೆ ಎಂದು ಕೇಳಿದರು. ಅಮ್ಮ ಯೋಚಿಸಿದಳು. ಅಜ್ಜಿ ಯೋಚಿಸಲಿಲ್ಲ. ಒಣ ಸಿಗಡಿ ಹುರಿದರೆ ಒಳಗಿನ ಕೋಣೆಯಿಂದಲೇ ಕೂಗು ಹಾಕುತ್ತಾಳೆ ಎಂದರು. ನಮ್ಮ ಬೀದಿಯ ಕೊನೆಯ ಅಂಗಡಿಯಿಂದ ನಾನೇ ಒಣ ಸಿಗಡಿ ತಂದೆ, ಚಹಾ ಮಾಡುವ ಒಲೆಯ ಮೇಲೆ ಹುರಿದೆ. ಟೀಚರ್ ಅದನ್ನು ತೆಳು ಬಟ್ಟೆಯಲ್ಲಿ ಬೆರಳುದ್ದಕ್ಕೆ ಗಂಟು ಕಟ್ಟಿ, ತುದಿಯನ್ನು ಬಿಗಿಯಾಗಿ ತಮ್ಮ ಕೈಯಲ್ಲೇ ಹಿಡಿದು, ಮಗುವಿನ ಹಿಂದಿನ ಹಲ್ಲುಗಳ ನಡುವೆ ಇಟ್ಟರು. ನಾನು ಸ್ಪೀಕರ್ ಹಾಕಿದೆ. ಕೋಣೆಯಲ್ಲಿ ಮೀನಿನ ಪೇಟೆಯ ವಾಸನೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಸಲ ಚರ್ ಎಂದಿತು. ಮತ್ತೆ ಒಂದು ಸಲ. ಗೆರೆ ಜಿಗಿಯಿತು, ಇಳಿಯಿತು, ಮತ್ತೆ ಜಿಗಿಯಿತು.

ಆ ಸದ್ದು ಎಂತದ್ದು ಎಂದು ಅಜ್ಜಿ ತುಳುವಿನಲ್ಲಿ ಕೇಳಿದರು. ನಿಮ್ಮ ಮೊಮ್ಮಗಳು ಕಚ್ಚುವುದು ಎಂದರು ಟೀಚರ್. ಅಜ್ಜಿ ಅಲ್ಲಾಡಲಿಲ್ಲ, ಅಲ್ಲಾಡಿದರೆ ಸದ್ದು ನಿಂತುಹೋಗುತ್ತದೆ ಎಂಬ ಹಾಗೆ ಕೂತೇ ಇದ್ದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ಆ ಮಗುವಿಗೆ ಟ್ಯೂಬ್ ಬೇಕಾಗಲಿಲ್ಲ. ಹೊಸ ಕಾಗದ ಮಣಿಪಾಲಕ್ಕೆ ಹೋಯಿತು, ವೈದ್ಯರು ಕಾಯಲು ಒಪ್ಪಿದರು, ಮಗು ನಿಧಾನಕ್ಕೆ ಮೇಲೆ ಬಂತು. ನನ್ನ ಕೋಣೆಯ ವಾಸನೆ ಹೋಗಲು ಒಂದು ವಾರ ಹಿಡಿಯಿತು.

ಆ ದಿನ ನನಗೆ ಖುಷಿಯೋ ಖುಷಿ. ಟೀಚರಿಗೆ ಖುಷಿ ಇರಲಿಲ್ಲ. ಅವರು ಅಜ್ಜಿ, ಅಮ್ಮ, ಮಗುವನ್ನು ಕಾಪುವಿನ ಬಸ್ಸು ಹತ್ತಿಸಿ ಬಂದವರೇ ನನ್ನ ಕಪಾಟಿನ ಮುಂದೆ ನಿಂತು, ಆ ಕುರ್ಚಿಯಲ್ಲಿ ಕೂತವರ ಫೈಲು ಎಲ್ಲ ಇಳಿಸಿ ಎಂದರು. ಒಂದೊಂದೇ ಇಳಿಸಿದೆ. ಎರಡು ವರ್ಷದ ಫೈಲು. ಹೆಚ್ಚಿನವು ತೊಂದರೆ ಇಲ್ಲದವು. ಕಾಗದದಲ್ಲಿ ಏನಿದ್ದರೂ ಚಿಕಿತ್ಸೆ ಅದೇ ನಡೆದಿತ್ತು. ಆದರೆ ಕಾರ್ಕಳದ ಒಬ್ಬ ಹುಡುಗನ ಫೈಲು ಇತ್ತು. ಒಂದೇ ಒಂದು ಸಲ ಬಂದವನು. ನನ್ನ ಅಕ್ಷರದಲ್ಲಿ ಅದೇ ಸಾಲು: ಚಟುವಟಿಕೆ ತೀರಾ ಕಡಿಮೆ. ಮಣಿಪಾಲಕ್ಕೆ ಫೋನ್ ಮಾಡಿ ಕೇಳಿದರೆ, ಅವನಿಗೆ ಟ್ಯೂಬ್ ಹಾಕಿ ಎಂಟು ತಿಂಗಳಾಗಿತ್ತು.

ಇನ್ನೊಮ್ಮೆ ಪರೀಕ್ಷೆ ಉಂಟು ಎಂದು ಹೇಳಿ ಸುಮ್ಮನೆ ಕರೆಸೋಣ ಟೀಚರ್, ಕಾರಣ ಹೇಳುವುದು ಯಾಕೆ ಎಂದೆ. ವೈದ್ಯರು ನನ್ನ ಒಂದೇ ಕಾಗದ ನೋಡಿ ತೀರ್ಮಾನ ಮಾಡಿರಲಿಕ್ಕಿಲ್ಲ ಎಂದೂ ಹೇಳಿದೆ. ಅದು ನಿಜವೂ ಆಗಿತ್ತು. ನನ್ನ ದನಿ ಮಾತ್ರ ಕಳ್ಳನ ದನಿಯಾಗಿತ್ತು. ಟೀಚರ್ ಕೂತು, ಮೊದಲ ಸಲ ನನ್ನೊಡನೆ ತಗ್ಗಿದ ದನಿಯಲ್ಲಿ ಮಾತಾಡಿದರು.

"ಎರಡು ವರ್ಷ ನಾನು ಆ ಬಾಗಿಲು ದಾಟಲಿಲ್ಲ. ದಾಟಿದ್ದರೆ ಮೊದಲ ದಿನವೇ ಕಾಣುತ್ತಿತ್ತು. ಊರವರ ಮನೆಯ ಮೇಜಿನ ಅಡಿ ಎಲ್ಲ ನೋಡಿದೆ, ಪಕ್ಕದ ಕೋಣೆ ನೋಡಲಿಲ್ಲ. ಅದು ನನ್ನದು. ಕಾಗದ ನಿಮ್ಮದು. ನೀವು ಹೋಗಿ ಹೇಳಿ, ನಾನು ಜೊತೆಗೆ ಬರುತ್ತೇನೆ."

ನಾನು ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಕೆಲಸ ಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟೆ. ಭಾನುವಾರ ಬೆಳಿಗ್ಗೆ ಟೀಚರ್ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕೈಚೀಲ ಹಿಡಿದು ನಿಂತಿದ್ದರು. ಕಾರ್ಕಳದವರೆಗೆ ಅವರು ಮಾತಾಡಿದ್ದು ಅವರ ಮನೆಯ ಬಸಳೆ ಚಪ್ಪರದ ಬಗ್ಗೆ ಮಾತ್ರ. ಪೇಟೆಯಿಂದ ಸ್ವಲ್ಪ ಒಳಗೆ ಆ ಮನೆ. ಹುಡುಗನ ಅಪ್ಪ ಮಸ್ಕತ್ತಿನಲ್ಲಿ; ಅಮ್ಮ ಮನೆಯಲ್ಲೇ ಹೊಲಿಗೆ ಮಾಡುವವರು. ಬಾಗಿಲು ತೆರೆದು ನಮ್ಮನ್ನು ಕೂರಿಸಿದರು. ಹುಡುಗ ಜಗಲಿಯಲ್ಲಿ ಮಲಗಿ ಫ್ಯಾನು ನೋಡುತ್ತಿದ್ದ. ಅಂಗಿಯ ಕೆಳಗೆ ಟ್ಯೂಬಿನ ತುದಿ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಬೇರೆ ಏನೂ ಕಾಣಲಿಲ್ಲ.

ಟೀಚರ್ ಬಾಯಿ ಬಿಡಲಿಲ್ಲ. ನಾನೇ ಹೇಳಿದೆ. ಕುರ್ಚಿ, ವಾಲಿದ ಬೆನ್ನು, ತೂಗಾಡಿದ ಕಾಲು, ನಾನು ಬರೆದ ಸಾಲು, ಎಲ್ಲ. ಆ ಅಮ್ಮ ನಡುವೆ ಒಂದು ಮಾತೂ ಆಡದೆ ಕೇಳಿದರು. ಹೇಳಿ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು:

"ಹಾಗಾದರೆ ಆಗ ಅವನಿಗೆ ತಿನ್ನಲಿಕ್ಕೆ ಬರುತ್ತಿತ್ತಾ?"

"ಗೊತ್ತಿಲ್ಲ ಅಮ್ಮ. ಗೊತ್ತು ಮಾಡಿಕೊಳ್ಳಬೇಕಿತ್ತು, ಮಾಡಲಿಲ್ಲ" ಎಂದೆ.

ಅವರು ತಲೆಯಾಡಿಸಿದರು. ಎದ್ದು ಒಳಗೆ ಹೋಗಿ ಚಹಾ ತಂದರು. ಲೋಟವನ್ನು ನನ್ನ ಮುಂದೆ ನೆಲದ ಮೇಲೆ ಇಟ್ಟರು. ಟೀಚರ್ ಅಷ್ಟರಲ್ಲಿ ಜಗಲಿಯಲ್ಲಿ ಮಂಡಿಯೂರಿ, ಹೊಲಿಗೆ ಮಿಷನ್ನಿನ ಪಕ್ಕದ ಬಟ್ಟೆ ಗಂಟುಗಳಿಂದ ಹುಡುಗನಿಗೆ ಕೂರುವ ಜಾಗ ಕಟ್ಟುತ್ತಿದ್ದರು. ಆ ದಿನ ಅವನು ಏನೂ ಕಚ್ಚಲಿಲ್ಲ. ಜೋನಿ ಬೆಲ್ಲ ಸವರಿದ ಬೆರಳನ್ನು ತುಟಿಗೆ ತಾಗಿಸಿದರೆ ಮುಖ ತಿರುಗಿಸಿದ. ಟೀಚರ್ ಪ್ರತಿ ಭಾನುವಾರ ಕಾರ್ಕಳಕ್ಕೆ ಹೋದರು. ತಿಂಗಳಿಗೆ ಎರಡು ಸಲ ನಾನು ಯಂತ್ರ ಹೊತ್ತು ಹೋದೆ. ಆ ಗೆರೆ ಜಿಗಿಯಲು ಐದು ತಿಂಗಳು ಬೇಕಾಯಿತು, ಟ್ಯೂಬ್ ತೆಗೆಯಲು ಒಂದೂವರೆ ವರ್ಷ. ಈಗ ಅವನು ಮೆತ್ತಗಿನ ಅನ್ನ, ಮುಳ್ಳು ಬಿಡಿಸಿದ ಮೀನು, ನೀರ್‌ದೋಸೆ ತಿನ್ನುತ್ತಾನೆ. ಗಟ್ಟಿಯದು ಇವತ್ತಿಗೂ ಆಗುವುದಿಲ್ಲ. ಆ ಎಂಟು ತಿಂಗಳು ಇರದಿದ್ದರೆ ಆಗುತ್ತಿತ್ತೇನೋ. ಅದನ್ನು ಹೇಳುವ ಯಂತ್ರ ನನ್ನಲ್ಲಿಲ್ಲ.

ಆ ಭಾನುವಾರದ ನಂತರ ನಾನು ಕೆಲಸ ಬಿಡಲಿಲ್ಲ. ಬಿಡದೆ ಇದ್ದುದಕ್ಕೆ ಕಾರಣ ಆ ಅಮ್ಮ. ಅಷ್ಟು ದೊಡ್ಡ ತಪ್ಪು ಕೇಳಿಯೂ ಒಂದು ಬೈಗುಳ ಇಲ್ಲ, ಬದಲಿಗೆ ಚಹಾ. ನಾನು ಹೇಳಿದ ರೀತಿಯಲ್ಲೇ ಏನೋ ಇರಬೇಕು, ಪ್ರಾಮಾಣಿಕತೆಗೆ ಜನ ಕರಗುತ್ತಾರೆ ಎಂದು ನಂಬಿಕೊಂಡೆ. ಹೊಸಬರು ಕೇಂದ್ರಕ್ಕೆ ಸೇರಿದಾಗ ಈ ಪ್ರಸಂಗವನ್ನು ಹೇಳಿ, ತಪ್ಪು ಒಪ್ಪಿಕೊಳ್ಳುವುದು ಹೇಗೆ ಎಂದು ಪಾಠ ಬೇರೆ ಮಾಡುತ್ತಿದ್ದೆ. ಟೀಚರ್ ಅಲ್ಲೇ ಕೂತು ಅನ್ನ ಅಗಿಯುತ್ತಾ ಕೇಳುತ್ತಿದ್ದರು. ಒಂದು ಸಲವೂ ತಡೆಯಲಿಲ್ಲ. ಜಗತ್ತಿನ ಎಲ್ಲ ಮಾತಿಗೂ ಅಡ್ಡ ಮಾತು ಇಡುತ್ತಿದ್ದವರು ಈ ಒಂದು ಮಾತಿಗೆ ಯಾಕೆ ಸುಮ್ಮನಿದ್ದರು ಎಂದು ನನಗೆ ಅನುಮಾನ ಬರಬೇಕಿತ್ತು.

ಟೀಚರ್ ತೀರಿಕೊಂಡ ಸುದ್ದಿ ಕಾರ್ಕಳಕ್ಕೆ ಮುಟ್ಟಿರಲಿಲ್ಲ ಎಂದು ಕಳೆದ ವಾರ ಗೊತ್ತಾಯಿತು. ಫೋನಿನಲ್ಲಿ ಹೇಳುವುದು ಬೇಡ ಎಂದು ನಾನೇ ಹೋದೆ. ಹುಡುಗ ಶಾಲೆಗೆ ಹೋಗಿದ್ದ. ಆ ಅಮ್ಮ ಹೊಲಿಗೆ ನಿಲ್ಲಿಸಿ ಕೇಳಿದರು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ತುಂಬಾ ಹೊತ್ತಿನ ಮೇಲೆ, ನಿಮ್ಮ ಹತ್ತಿರ ಹೇಳಬಾರದು ಎಂದು ಅವರು ಹೇಳಿದ್ದರು, ಇನ್ನು ಹೇಳಿದರೆ ತೊಂದರೆ ಇಲ್ಲ ಅಲ್ವಾ ಎಂದರು.

"ನೀವು ಬಂದದ್ದು ಭಾನುವಾರ. ಶನಿವಾರ ಅವರು ಒಬ್ಬರೇ ಬಂದಿದ್ದರು. ಎಲ್ಲ ಹೇಳಿದರು. ನಾಳೆ ಒಬ್ಬರು ಬರುತ್ತಾರೆ, ಅವರ ತಪ್ಪು ಅವರೇ ಹೇಳಲಿ, ನೀವು ಪೂರ್ತಿ ಕೇಳಿ. ಬೈಯುವುದು ಇದ್ದರೆ ಎಲ್ಲ ಇವತ್ತೇ ನನಗೆ ಬೈದು ಮುಗಿಸಿ. ಅವರಿಗೆ ಬೈದರೆ ಅವರು ಬಿಟ್ಟು ಹೋಗುತ್ತಾರೆ, ಮಕ್ಕಳಿಗೆ ಅವರು ಬೇಕು ಅಂತ ಹೇಳಿದರು."

ನೀವು ಬೈದಿರಾ ಎಂದು ಕೇಳಿದೆ.

"ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಒಳಗೆ ಬನ್ನಿ ಅಂತ ಸಹ ಹೇಳಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲ ಕೇಳಿದರು. ನಾನು ಸುಸ್ತಾಗಿ ಕೂತ ಮೇಲೆ, ಸ್ವಲ್ಪ ನೀರು ಕೊಡುತ್ತೀರಾ ಅಂತ ಕೇಳಿದರು."

ನಾನು ಹೊರಗೆ ಬಂದೆ. ಉಡುಪಿಯ ಬಸ್ಸಿನಲ್ಲಿ ಕಿಟಕಿಯ ಬಳಿ ಸೀಟು ಸಿಕ್ಕಿತು. ಟೀಚರ್ ಹೋದ ದಿನ ನನಗೆ ಅಳು ಬಂದಿರಲಿಲ್ಲ. ಅಂಗಳದಲ್ಲಿ ನಿಂತು ಬೇರೆಯವರ ಸುಳ್ಳು ಎಣಿಸುತ್ತಿದ್ದೆ. ಈಗ ತಡೆಯಲು ಆಗಲಿಲ್ಲ. ಪಕ್ಕದಲ್ಲಿ ಕೂತಿದ್ದ ವಯಸ್ಸಾದವರು ಎಂತ ಆಯಿತು ಎಂದು ಕೇಳಿದರು. ನಮ್ಮ ಟೀಚರ್ ತೀರಿಕೊಂಡರು ಎಂದೆ. ಅಯ್ಯೋ, ಯಾವಾಗ ಎಂದು ಕೇಳಿದರು. ಮೂರು ತಿಂಗಳಾಯಿತು ಎನ್ನಲು ಬಾಯಿ ಬರಲಿಲ್ಲ.

ಇವತ್ತು ಎಂದೆ.